ಆಟದಂಗಳದ ಹಿರಿಯಕ್ಕ: ಶಾಂತಾ ರಂಗಸ್ವಾಮಿ

‘ಹೆಣ್ಣುಮಗುವಿಗೆ ಆಟವೇಕೆ?’ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಇಂದು ನಿನ್ನೆ ಹುಟ್ಟಿದ್ದಲ್ಲ. ಕೇಳುವವರು ಕೆಟ್ಟವರೂ ಅಲ್ಲ. ಮಗಳ ಒಳಿತನ್ನೇ ಬಯಸುವ ತಂದೆ, ಅವಳ ಮೈಗೆ ಪೆಟ್ಟಾದೀತೆಂದು ಅಂಜುವ ತಾಯಿ, ನಾಲ್ಕು ಜನರ ಬಾಯಿಗೆ ಹೆದರುವ ಅಜ್ಜಿ, ಇವರೇ ಆ ಪ್ರಶ್ನೆಯನ್ನು ಕೇಳುವವರು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ‘ಆಟದಿಂದ ಹೊಟ್ಟೆ ತುಂಬುವುದೇ?’ ಈ ಎರಡು ಪ್ರಶ್ನೆಗಳಿಗೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ ಒಬ್ಬರ ಬಾಳನ್ನೇ ಮುಂದಿಟ್ಟು ಉತ್ತರ ಕೊಡುವುದು ಲೇಸೆಂದು ನಮಗೆ ತೋರುತ್ತದೆ.

ನಾವಿರುವ ಶಕ್ತಿನಗರವು ಕೃಷ್ಣಾ ನದಿಯ ದಂಡೆಯ ಊರು. 1985ರಲ್ಲಿ ಇಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಉರಿದಂದಿನಿಂದ ನಾಡಿನ ನಾನಾ ಜಿಲ್ಲೆಗಳ ಕುಟುಂಬಗಳು ಬಂದು ನೆಲೆಸಿವೆ. ಪಾಳಿ ಮುಗಿಸಿ ಬಂದ ನೌಕರರು, ಶಾಲೆ ಬಿಟ್ಟು ಬಂದ ಹುಡುಗರು ಸಂಜೆಯ ಹೊತ್ತು ಎರಡು ಕಂಬಗಳ ನಡುವೆ ಬಲೆ ಕಟ್ಟಿ ವಾಲಿಬಾಲ್ ಆಡುವುದನ್ನು, ಬಯಲಿನಲ್ಲಿ ಕ್ರಿಕೆಟ್ ಆಡುವುದನ್ನು ನಾವು ನೋಡುತ್ತ ಬಂದಿದ್ದೇವೆ. ಆ ಗುಂಪಿನಲ್ಲಿ ಹತ್ತು ವರ್ಷದ ಬಾಲಕಿಯರೂ ಕಾಣುವುದುಂಟು. ಆದರೆ ಹದಿಮೂರು ಹದಿನಾಲ್ಕರ ವಯಸ್ಸು ಮುಟ್ಟುತ್ತಲೇ ಆ ಬಾಲಕಿಯರು ಬಯಲಿನಿಂದ ಮರೆಯಾಗುತ್ತಾರೆ. ಹುಡುಗ ಉಳಿಯುತ್ತಾನೆ, ಹುಡುಗಿ ಒಳಮನೆಗೆ ಸರಿಯುತ್ತಾಳೆ. ಯಾರೂ ಆಜ್ಞೆ ಮಾಡಿದ್ದಲ್ಲ, ಯಾರೂ ಗದರಿಸಿದ್ದಲ್ಲ, ರೂಢಿಯೇ ಹಾಗೆ.

ಆ ರೂಢಿಗೆ ತಲೆಬಾಗದೆ, ಹಾಗೆಂದು ಮನೆಯವರೊಡನೆ ಜಗಳವನ್ನೂ ಆಡದೆ, ಆಟವನ್ನೂ ಉದ್ಯೋಗವನ್ನೂ ಎರಡು ಕಣ್ಣುಗಳಂತೆ ಕಾಪಾಡಿಕೊಂಡು ಬಂದವರು ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರು. ಭಾರತದ ಮಹಿಳಾ ಕ್ರಿಕೆಟ್ ತಂಡ ಆಡಿದ ಮೊಟ್ಟಮೊದಲ ಅಧಿಕೃತ ಟೆಸ್ಟ್ ಪಂದ್ಯದ ನಾಯಕಿ ಇವರು. ಟೆಸ್ಟ್ ಪಂದ್ಯದಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆ ಇವರು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿಯೂ ಇವರೇ. ಇಷ್ಟೆಲ್ಲ ‘ಮೊದಲು’ಗಳಿದ್ದರೂ ನಮ್ಮ ಭಾಗದ ಮನೆಗಳಲ್ಲಿ ಇವರ ಹೆಸರು ಬಲ್ಲವರು ಕಡಿಮೆ. ಆದುದರಿಂದ ಈ ಲೇಖನ.

ಏಳು ಹೆಣ್ಣುಮಕ್ಕಳ ಮನೆ

ಶಾಂತಾ ಅವರು ಹುಟ್ಟಿದ್ದು 1954ರ ಜನವರಿ 1ರಂದು. ಏಳು ಜನ ಹೆಣ್ಣುಮಕ್ಕಳ ಸಂಸಾರ. ಅವಿಭಕ್ತ ಕುಟುಂಬವಾದುದರಿಂದ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೆಲ್ಲ ಸೇರಿ ಮನೆಯ ಅಂಗಳವೇ ಒಂದು ಆಟದ ಬಯಲಾಗಿತ್ತು. ಟೆನಿಸ್ ಚೆಂಡಿನಿಂದ ಅಲ್ಲಿ ನಡೆಯುತ್ತಿದ್ದ ಕ್ರಿಕೆಟ್ಟೇ ಶಾಂತಾ ಅವರ ಮೊದಲ ಪಾಠಶಾಲೆ. ಅಲ್ಲಿ ಹುಡುಗ ಹುಡುಗಿ ಎಂಬ ಭೇದವಿರಲಿಲ್ಲ. ಚೆಂಡು ಬಂದರೆ ಹೊಡೆಯಬೇಕು, ಹೋದರೆ ಓಡಿ ತರಬೇಕು, ಅಷ್ಟೇ ನಿಯಮ.

ಶಾಂತಾ ಅವರಿನ್ನೂ ಬಾಲಕಿಯಾಗಿದ್ದಾಗಲೇ ತಂದೆ ತೀರಿಕೊಂಡರು. ಏಳು ಹೆಣ್ಣುಮಕ್ಕಳನ್ನು ಕಟ್ಟಿಕೊಂಡ ತಾಯಿ ರಾಜಲಕ್ಷ್ಮಿಯವರ ಸ್ಥಿತಿಯನ್ನು ನಮ್ಮ ಓದುಗ ತಾಯಂದಿರು ಊಹಿಸಿಕೊಳ್ಳಬಲ್ಲರು. ಅಂಥ ಸಮಯದಲ್ಲಿ ಬೇರಾವ ತಾಯಿಯಾದರೂ ‘ಆಟ ಸಾಕು, ಮನೆಯಲ್ಲಿರು’ ಎಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆ ತಾಯಿ ಮಗಳನ್ನು ಬಯಲಿನಿಂದ ಹಿಂದಕ್ಕೆ ಕರೆಯಲಿಲ್ಲ. ಒಬ್ಬ ನಾಯಕಿಯ ಚರಿತ್ರೆಯನ್ನು ಬರೆಯುವವರು ಓಟಗಳನ್ನೂ ವಿಕೆಟ್ಟುಗಳನ್ನೂ ಎಣಿಸುತ್ತಾರೆ. ತಾಯಿ ಆಡದೆ ಬಿಟ್ಟ ಒಂದು ಮಾತನ್ನು ಯಾರೂ ಎಣಿಸುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಅಸ್ತಿವಾರ ಆ ಮಾತೇ.

ಮಗಳು ಕ್ರಿಕೆಟ್ಟಿಗೆ ಮೊದಲು ಸಾಫ್ಟ್‌ಬಾಲ್ ಆಟದಲ್ಲಿ ರಾಜ್ಯವನ್ನು ಪ್ರತಿನಿಧಿಸಿದರು. ಏಕೆಂದರೆ ಹೆಣ್ಣುಮಕ್ಕಳಿಗೆ ಕ್ರಿಕೆಟ್ ಎಂಬುದು ಆಗ ನಮ್ಮ ದೇಶದಲ್ಲಿ ಸಂಘಟಿತ ರೂಪದಲ್ಲಿ ಇರಲೇ ಇಲ್ಲ. ದಾಂಡು ಹಿಡಿಯುವ ಕೈ ಸಿದ್ಧವಾಗಿತ್ತು. ಆಡಲು ಅಂಗಳ ಸಿದ್ಧವಾಗಿರಲಿಲ್ಲ.

ಅಂಗಳ ಸಿದ್ಧವಾದ ಬಗೆ

ಇಲ್ಲಿ ಹೊರ ಜಗತ್ತಿನ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದು ಉಚಿತ. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ದೇಶಗಳ ಮಹಿಳೆಯರು 1934ರಷ್ಟು ಹಿಂದೆಯೇ ತಮ್ಮೊಳಗೆ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದರು. ಪುರುಷರ ಮೊದಲ ವಿಶ್ವಕಪ್ ನಡೆದದ್ದು 1975ರಲ್ಲಿ. ಮಹಿಳೆಯರ ಮೊದಲ ವಿಶ್ವಕಪ್ ಅದಕ್ಕೂ ಎರಡು ವರ್ಷ ಮೊದಲು, 1973ರಲ್ಲಿ, ಇಂಗ್ಲೆಂಡಿನಲ್ಲಿ ನಡೆದುಹೋಗಿತ್ತು. ಗಂಡಸರ ಆಟವನ್ನು ಹೆಂಗಸರು ಅನುಕರಿಸಿದರೆಂದು ಹೇಳುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಆದರೆ ಆ ವಿಶ್ವಕಪ್ಪಿನಲ್ಲಿ ಭಾರತ ಇರಲಿಲ್ಲ.

ಅದೇ 1973ರಲ್ಲಿ ಲಖನೌ ನಗರದಲ್ಲಿ ಭಾರತ ಮಹಿಳಾ ಕ್ರಿಕೆಟ್ ಸಂಸ್ಥೆ ಜನ್ಮ ತಾಳಿತು. ಅದರ ಸ್ಥಾಪಕ ಕಾರ್ಯದರ್ಶಿ ಮಹೇಂದ್ರಕುಮಾರ ಶರ್ಮಾ ಎಂಬವರು. ‘ಹುಡುಗಿಯರ ಕ್ರಿಕೆಟ್ ನಡೆಯಲಿದೆ, ಬನ್ನಿ’ ಎಂದು ಅವರು ಆಟೋರಿಕ್ಷಾದಲ್ಲಿ ಕುಳಿತು ಮೈಕ್ ಹಿಡಿದು ಬೀದಿ ಬೀದಿಗಳಲ್ಲಿ ಸಾರಿದ ಕಥೆ ಪ್ರಸಿದ್ಧವಾಗಿದೆ. ನಮ್ಮ ಊರುಗಳಲ್ಲಿ ನಾಟಕದ ಕಂಪನಿಯವರು ಸಾರುತ್ತಿದ್ದ ಹಾಗೆ. ಅದೇ ವರ್ಷ ಪುಣೆಯಲ್ಲಿ ನಡೆದ ಮೊದಲ ರಾಷ್ಟ್ರೀಯ ಪಂದ್ಯಾವಳಿಗೆ ಬಂದ ತಂಡಗಳು ಮೂರೇ ಮೂರು. ಮುಂದಿನ ಪಂದ್ಯಾವಳಿ ವಾರಾಣಸಿಯಲ್ಲಿ ನಡೆಯುವ ಹೊತ್ತಿಗೆ ತಂಡಗಳು ಎಂಟಾದವು. ಬೀಜ ಬಿತ್ತಿದರೆ ಸಾಲದು, ಮಣ್ಣಿನಲ್ಲಿಯೂ ಸಾರವಿರಬೇಕು. ಈ ಮಣ್ಣಿನಲ್ಲಿ ಅದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ದಿನಗಳಲ್ಲಿ ಕರ್ನಾಟಕದ ತಂಡವನ್ನು ಮುನ್ನಡೆಸಿದವರು ಶಾಂತಾ ರಂಗಸ್ವಾಮಿ.

ಆ ಸಂಸ್ಥೆಗೆ ಹಣವಿರಲಿಲ್ಲ. ಆದುದರಿಂದ ಆಟಗಾರ್ತಿಯರು ರೈಲಿನಲ್ಲಿ ಕಾದಿರಿಸದ ಡಬ್ಬಿಗಳಲ್ಲಿ ಪ್ರಯಾಣ ಮಾಡುತ್ತಿದ್ದರು. ಬೆನ್ನಿಗೆ ಕ್ರಿಕೆಟ್ ಸಾಮಾನಿನ ಚೀಲ, ಕೈಯಲ್ಲಿ ಬಟ್ಟೆಯ ಪೆಟ್ಟಿಗೆ, ಜೊತೆಗೆ ಹಾಸಿಗೆಯ ಸುರುಳಿ. ಊರು ಮುಟ್ಟಿದ ಮೇಲೆ ತಂಗುದಾಣವೆಂದರೆ ಸಾಲಾಗಿ ಎಲ್ಲರೂ ಮಲಗುವ ಒಂದು ದೊಡ್ಡ ಕೊಠಡಿ. ಕೆಲವು ತಂಡಗಳಲ್ಲಿ ಇಡೀ ತಂಡಕ್ಕೆ ಮೂರೇ ಬ್ಯಾಟುಗಳು. ಆಡುವವರಿಬ್ಬರ ಕೈಯಲ್ಲಿ ಎರಡು, ಕಾಯುವವರ ಕೈಯಲ್ಲಿ ಒಂದು. ಔಟಾಗಿ ಬಂದವಳು ತನ್ನ ಬ್ಯಾಟನ್ನು ಮುಂದಿನವಳ ಕೈಗಿಡಬೇಕು. ದಣಿದು ಬಂದ ಅಕ್ಕ ತಂಗಿಯ ಕೈಗೆ ಬೀಸುಗಲ್ಲಿನ ಗೂಟ ಕೊಟ್ಟಂತೆ. ಈ ಕಷ್ಟಗಳನ್ನು ಶಾಂತಾ ಅವರು ಮುಂದೆ ಅನೇಕ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ಬದುಕಿನ ಒಂದು ಕಾಲದ ಲೆಕ್ಕ ಒಪ್ಪಿಸಿದಂತೆ ಅವರು ಅದನ್ನು ಹೇಳುತ್ತಾರೆ.

1976: ಬೆಂಗಳೂರಿನಿಂದ ಪಟನಾಕ್ಕೆ

1976ರ ಅಕ್ಟೋಬರ್ 31. ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ಮಹಿಳೆಯರ ವಿರುದ್ಧ ಭಾರತದ ಮಹಿಳೆಯರು ಮೊದಲ ಅಧಿಕೃತ ಟೆಸ್ಟ್ ಪಂದ್ಯಕ್ಕೆ ಇಳಿದರು. ಆಟವನ್ನು ಅಷ್ಟಾಗಿ ಬಲ್ಲದ ಹಿರಿಯರಿಗಾಗಿ ಒಂದು ಮಾತು: ಟೆಸ್ಟ್ ಎಂದರೆ ಒಂದೇ ದಿನದಲ್ಲಿ ಮುಗಿಯುವ ಆಟವಲ್ಲ. ದಿನಗಟ್ಟಲೆ ನಡೆಯುವ, ಪ್ರತಿ ತಂಡಕ್ಕೂ ಎರಡೆರಡು ಸರದಿ ಬರುವ, ಕೈಚಳಕದಷ್ಟೇ ತಾಳ್ಮೆಯನ್ನೂ ಒರೆಗೆ ಹಚ್ಚುವ ಆಟ. ಅಂದು ಮಹಿಳೆಯರಿಗೆ ಮೂರು ದಿನಗಳ ಪಂದ್ಯ. ನಾಯಕಿ ಶಾಂತಾ ಅವರಿಗೆ ಆಗ ಇಪ್ಪತ್ತೆರಡು ವರ್ಷ. ನಮ್ಮ ಕಡೆ ಆ ವಯಸ್ಸಿನ ಹೆಣ್ಣುಮಗಳೆಂದರೆ ಆಗ ಎರಡು ಮಕ್ಕಳ ತಾಯಿಯಾಗಿರುತ್ತಿದ್ದಳು.

ಆ ಪಂದ್ಯ ಡ್ರಾ ಆಯಿತು. ಆ ಸರಣಿಯಲ್ಲಿ ಒಟ್ಟು ಆರು ಪಂದ್ಯಗಳು. ಬೆಂಗಳೂರು, ಮದರಾಸು, ದೆಹಲಿಗಳನ್ನು ದಾಟಿ ನಾಲ್ಕನೆಯ ಪಂದ್ಯಕ್ಕೆ ತಂಡ ಪಟನಾ ನಗರಕ್ಕೆ ಬಂದಿತು. ನವೆಂಬರ್ ತಿಂಗಳಲ್ಲಿ, ಸಾವಿರಾರು ಪ್ರೇಕ್ಷಕರ ಎದುರಿನಲ್ಲಿ, ಭಾರತದ ಮಹಿಳೆಯರು ಐದು ವಿಕೆಟ್ಟುಗಳಿಂದ ಗೆದ್ದರು. ಅದು ಅವರ ಮೊದಲ ಟೆಸ್ಟ್ ಗೆಲುವು. ಜಮ್ಮುವಿನ ಕೊನೆಯ ಪಂದ್ಯದಲ್ಲಿ ಎದುರಾಳಿಗಳು ಗೆದ್ದುದರಿಂದ ಸರಣಿ ಸಮಸಮವಾಯಿತು. ಹುಟ್ಟಿ ಮೂರು ವರ್ಷ ತುಂಬಿದ ಸಂಸ್ಥೆ, ಕಾದಿರಿಸದ ಡಬ್ಬಿಗಳಲ್ಲಿ ಬಂದ ಹುಡುಗಿಯರು, ಹೊರದೇಶದ ತಂಡದೊಡನೆ ಸರಿಸಮವಾಗಿ ನಿಂತರು ಎಂದರೆ ಅದು ಸಾಮಾನ್ಯವಲ್ಲ. ಅದೇ 1976ರ ಸಾಲಿನ ಅರ್ಜುನ ಪ್ರಶಸ್ತಿ ಶಾಂತಾ ಅವರಿಗೆ ಸಂದಿತು.

ಮರುವರ್ಷದ ಜನವರಿಯಲ್ಲಿ ತಂಡ ನ್ಯೂಜಿಲೆಂಡಿಗೆ ಹೋಯಿತು. ಡ್ಯುನೆಡಿನ್ ಎಂಬ ಊರಿನಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ನಾಯಕಿಯ ಬ್ಯಾಟಿನಿಂದ 108 ಓಟಗಳು ಹರಿದವು. ಭಾರತದ ಮಹಿಳೆಯೊಬ್ಬರು ಟೆಸ್ಟ್ ಪಂದ್ಯದಲ್ಲಿ ಗಳಿಸಿದ ಮೊದಲ ಶತಕವದು. ಬಲಗೈಯಿಂದ ಬ್ಯಾಟು ಬೀಸುವ, ಬಲಗೈಯಿಂದಲೇ ಮಧ್ಯಮ ವೇಗದಲ್ಲಿ ಚೆಂಡೆಸೆಯುವ ಸವ್ಯಸಾಚಿ ಆಟಗಾರ್ತಿ ಅವರು. ಚೆಂಡನ್ನು ಎತ್ತಿ ಗಡಿಯಾಚೆ ಕಳಿಸುವ ಅವರ ಹೊಡೆತಗಳನ್ನು ನೋಡಲೆಂದೇ ಜನ ಬರುತ್ತಿದ್ದರು.

ಬಾರದೆ ಹೋದ ವರ್ಷಗಳು

ಓದುಗ ಬಂಧುಗಳೇ, ಈವರೆಗಿನ ಕಥೆ ಏರುಮುಖದ್ದು. ಇನ್ನು ಮುಂದಿನದನ್ನು ನಾವು ಮುಚ್ಚಿಡದೆ ಹೇಳಬೇಕು. 1977ರ ಆ ಪ್ರವಾಸದ ನಂತರ ಭಾರತದ ಮಹಿಳೆಯರಿಗೆ ಟೆಸ್ಟ್ ಪಂದ್ಯವೇ ಸಿಗಲಿಲ್ಲ. ಮುಂದಿನ ಟೆಸ್ಟ್ ಪಂದ್ಯ ನಡೆದದ್ದು 1984ರಲ್ಲಿ, ಆಸ್ಟ್ರೇಲಿಯಾ ತಂಡ ಇಲ್ಲಿಗೆ ಬಂದಾಗ. ನಡುವೆ ಏಳು ವರ್ಷ. ಶಾಂತಾ ಅವರ ವಯಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ ಇಪ್ಪತ್ತಮೂರರಿಂದ ಮೂವತ್ತು. ಆಟಗಾರರ ಮೈಯಲ್ಲಿ ಕಸುವೂ ಮನಸ್ಸಿನಲ್ಲಿ ಅನುಭವವೂ ಕೂಡಿ ಬರುವ ಕಾಲ ಅದೇ. ಆ ಕಾಲವೆಲ್ಲ ಟೆಸ್ಟ್ ಆಟದ ಮಟ್ಟಿಗೆ ಬರಿದಾಗಿ ಕಳೆಯಿತು. 1982ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ಏಕದಿನ ಪಂದ್ಯಗಳ ವಿಶ್ವಕಪ್ಪಿನಲ್ಲಿ ಅವರು ಭಾರತವನ್ನು ಮುನ್ನಡೆಸಿದರು ಎಂಬುದೇ ಆ ಅವಧಿಯ ದೊಡ್ಡ ಅವಕಾಶ. 1984ರ ಸರಣಿಯ ನಾಲ್ಕು ಟೆಸ್ಟ್ ಪಂದ್ಯಗಳಿಗೂ ಅವರೇ ನಾಯಕಿ. ನಾಲ್ಕೂ ಡ್ರಾ ಆದವು. 1986ರ ಇಂಗ್ಲೆಂಡ್ ಪ್ರವಾಸದ ಬಳಿಕ ಮತ್ತೆ ಐದು ವರ್ಷಗಳ ಬರ. 1988ರ ವಿಶ್ವಕಪ್ಪಿಗೆ ಭಾರತ ತಂಡವನ್ನೇ ಕಳುಹಿಸಲಿಲ್ಲ. 1991ರಲ್ಲಿ ಆಸ್ಟ್ರೇಲಿಯಾದ ವಿರುದ್ಧ ಕೊನೆಯ ಟೆಸ್ಟ್ ಆಡಿದಾಗ ಶಾಂತಾ ಅವರಿಗೆ ಮೂವತ್ತೇಳು ವರ್ಷ.

ಅಂಕಿಗಳನ್ನು ಕೂಡಿಸಿ ನೋಡೋಣ. 16 ಟೆಸ್ಟ್ ಪಂದ್ಯಗಳು, 750 ಓಟಗಳು, 32.60ರ ಸರಾಸರಿ, 21 ವಿಕೆಟ್ಟುಗಳು. 19 ಏಕದಿನ ಪಂದ್ಯಗಳು, 287 ಓಟಗಳು, 12 ವಿಕೆಟ್ಟುಗಳು. ಹದಿನಾರು ಟೆಸ್ಟುಗಳ ಪೈಕಿ ಹನ್ನೆರಡರಲ್ಲಿ ನಾಯಕಿ. ಮೊದಲ ಪಂದ್ಯದಿಂದ ಕೊನೆಯದಕ್ಕೆ ಹದಿನಾಲ್ಕು ವರ್ಷಕ್ಕೂ ಮಿಕ್ಕಿದ ಅವಧಿ. ಅದರಲ್ಲಿ ಆರು ಪಂದ್ಯಗಳು ಮೊದಲ ಒಂದು ತಿಂಗಳಲ್ಲೇ ಮುಗಿದಿದ್ದವು. ಉಳಿದ ಹತ್ತು ಪಂದ್ಯಗಳಿಗಾಗಿ ಅವರು ಹದಿನಾಲ್ಕು ವರ್ಷ ಸಿದ್ಧವಾಗಿಯೇ ಇರಬೇಕಾಯಿತು. ಕರೆ ಬಂದೀತೋ ಬಾರದೋ ತಿಳಿಯದೆ ದಿನವೂ ಬೆಳಗ್ಗೆ ಎದ್ದು ಅಭ್ಯಾಸ ಮಾಡುವುದು ಎಂಥ ಶ್ರದ್ಧೆ ಎಂಬುದನ್ನು, ಮಳೆಯ ಭರವಸೆ ಇಲ್ಲದೆಯೂ ಪ್ರತಿವರ್ಷ ಹೊಲ ಹರಗಿ ಇಡುವ ನಮ್ಮ ರೈತ ಬಂಧುಗಳು ಚೆನ್ನಾಗಿ ಬಲ್ಲರು.

ಹೊಟ್ಟೆ ತುಂಬಿಸಿದ್ದು ಯಾವುದು?

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಬೇರೆ ದೇಶಗಳಲ್ಲಿ ಆಟವೇ ವೃತ್ತಿಯಾಗುವುದುಂಟು. ಮಹಿಳೆಯರ ವಾಲಿಬಾಲನ್ನೇ ತೆಗೆದುಕೊಳ್ಳಿ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದು ಒಲಿಂಪಿಕ್ ಆಟವಾಯಿತು. ಹಾಲೆಂಡ್ ನಮ್ಮ ಕರ್ನಾಟಕಕ್ಕಿಂತ ಬಹಳ ಚಿಕ್ಕ ದೇಶ. ಆದರೂ ಅಲ್ಲಿಯ ಮಹಿಳೆಯರು 1995ರಲ್ಲಿ ಯುರೋಪಿನ ಚಾಂಪಿಯನ್ನರಾದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಅಲ್ಲಿಯ ಉತ್ತಮ ಆಟಗಾರ್ತಿ ಇಟಲಿಯ, ತುರ್ಕಿಯ ಕ್ಲಬ್ಬುಗಳಲ್ಲಿ ಸಂಬಳಕ್ಕೆ ಆಡಿ, ವಯಸ್ಸಾದ ಮೇಲೆ ನಿವೃತ್ತಿ ಹೊಂದುತ್ತಾಳೆ. ಆಟವೇ ಅವಳ ನೌಕರಿ. ಶಾಂತಾ ಅವರ ಪೀಳಿಗೆಗೆ ಆ ಭಾಗ್ಯವಿರಲಿಲ್ಲ. ದೇಶಕ್ಕಾಗಿ ಆಡಿದರೂ ಅದರಿಂದ ಸಂಸಾರ ನಡೆಯುತ್ತಿರಲಿಲ್ಲ.

ಅವರು ಕೆನರಾ ಬ್ಯಾಂಕಿನಲ್ಲಿ ಉದ್ಯೋಗ ಹಿಡಿದರು. ಬ್ಯಾಂಕಿನ ಮೇಜಿನ ಮುಂದೆ ಕುಳಿತು ಲೆಕ್ಕ ನೋಡುವ ಕೈಯೇ ಮೈದಾನದಲ್ಲಿ ಬ್ಯಾಟು ಹಿಡಿಯುತ್ತಿತ್ತು. ಆಟ ನಿಂತ ಮೇಲೂ ಉದ್ಯೋಗ ನಿಲ್ಲಲಿಲ್ಲ. ಹಂತ ಹಂತವಾಗಿ ಏರಿ ಮಹಾಪ್ರಬಂಧಕರ ಹುದ್ದೆಯವರೆಗೆ ತಲುಪಿ ಅವರು ನಿವೃತ್ತರಾದರು. ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಟಕ್ಕೆ ಹೋದ ಹುಡುಗಿ ಓದಿಗೆ ಎರವಾಗುತ್ತಾಳೆ ಎಂಬ ಭಯ ನಮ್ಮ ಮನೆಗಳಲ್ಲಿ ಬಲವಾಗಿದೆ. ನಸುಕಿನಲ್ಲೆದ್ದು ಅಭ್ಯಾಸ ಮಾಡುವವಳಿಗೆ ಹೊತ್ತಿನ ಬೆಲೆ ತಿಳಿಯುತ್ತದೆ. ಸೋತು ಮರುದಿನ ಮತ್ತೆ ಆಡುವವಳಿಗೆ ಪರೀಕ್ಷೆಯ ಸೋಲು ಲೋಕ ಮುಳುಗಿದಂತೆ ತೋರುವುದಿಲ್ಲ. ಹನ್ನೊಂದು ಜನರನ್ನು ಒಂದು ಮನಸ್ಸಿನಿಂದ ನಡೆಸಿದವಳಿಗೆ ಕಚೇರಿಯ ಹತ್ತು ಜನರನ್ನು ನಡೆಸುವುದು ಭಾರವೆನಿಸದು. ಆಟವು ಶಾಂತಾ ಅವರ ಉದ್ಯೋಗಕ್ಕೆ ಅಡ್ಡಿಯಾಗಲಿಲ್ಲ, ಉದ್ಯೋಗವು ಆಟಕ್ಕೆ ಅಡ್ಡಿಯಾಗಲಿಲ್ಲ. ಒಂದು ಇನ್ನೊಂದಕ್ಕೆ ಊರುಗೋಲಾಯಿತು.

ತಡವಾಗಿ ಬಂದ ಮನ್ನಣೆ

2006ರಲ್ಲಿ ಮಹಿಳಾ ಕ್ರಿಕೆಟ್ ಸಂಸ್ಥೆಯು ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿಯಲ್ಲಿ ವಿಲೀನವಾಯಿತು. ಆಮೇಲೆಯೇ ಆಟಗಾರ್ತಿಯರಿಗೆ ಒಳ್ಳೆಯ ಮೈದಾನ, ತಂಗುದಾಣ, ಪ್ರಯಾಣದ ಅನುಕೂಲಗಳು ದೊರೆಯತೊಡಗಿದವು. 2015ರಲ್ಲಿ ಮಂಡಳಿಯು ಮೊದಲ ಬಾರಿಗೆ ಮಹಿಳೆಯರಿಗೆ ವಾರ್ಷಿಕ ಕರಾರು ನೀಡಿತು. 2017ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಮಂಡಳಿಯ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಶಾಂತಾ ರಂಗಸ್ವಾಮಿ ಅವರಿಗೆ ನೀಡಲಾಯಿತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಇಪ್ಪತ್ತೆರಡರ ಹರೆಯದಲ್ಲಿ ಬೆಂಗಳೂರಿನಲ್ಲಿ ಟೆಸ್ಟ್ ಆಡಲು ಇಳಿದವರಿಗೆ ಅದೇ ಬೆಂಗಳೂರಿನಲ್ಲಿ ಆ ಗೌರವ ಸಿಕ್ಕಾಗ ವಯಸ್ಸು ಅರವತ್ತಮೂರು. ನಡುವೆ ನಾಲ್ವತ್ತು ವರ್ಷ ಕಳೆದಿತ್ತು.

2019ರಲ್ಲಿ ಅವರು ಮಂಡಳಿಯ ಸಲಹಾ ಸಮಿತಿಯಲ್ಲಿ ಕಪಿಲ್ ದೇವ್ ಮತ್ತು ಅಂಶುಮನ್ ಗಾಯಕವಾಡ ಅವರೊಡನೆ ಸದಸ್ಯೆಯಾಗಿದ್ದರು. ಹಿತಾಸಕ್ತಿಗಳ ಘರ್ಷಣೆಯ ಪ್ರಶ್ನೆ ಎದ್ದು ನೋಟೀಸು ಬಂದಾಗ ಆ ಸ್ಥಾನವನ್ನು ತ್ಯಜಿಸಿದರು. ಅದೇ ವರ್ಷ ಮಾಜಿ ಆಟಗಾರರ ಸಂಘದ ಮಹಿಳಾ ಪ್ರತಿನಿಧಿಯಾಗಿ ಮಂಡಳಿಯ ಉನ್ನತ ಸಮಿತಿಗೆ ಬಂದರು. ಒಂದು ಕಾಲದಲ್ಲಿ ರೈಲಿನ ಸಾಮಾನ್ಯ ಡಬ್ಬಿಯಲ್ಲಿ ಬಂದ ಆಟಗಾರ್ತಿ, ಆಟದ ಆಡಳಿತ ನಡೆಯುವ ಕೋಣೆಯಲ್ಲಿಯೇ ಆಸನ ಪಡೆದರು. 2022ರ ಜೂನಿನಲ್ಲಿ ಮಂಡಳಿಯು ಮಾಜಿ ಆಟಗಾರರ ಮಾಸಿಕ ವೇತನವನ್ನು ಹೆಚ್ಚಿಸಿದಾಗ, ಮಾಜಿ ಅಂತಾರಾಷ್ಟ್ರೀಯ ಮಹಿಳೆಯರ ಮೊತ್ತ 30,000 ರೂಪಾಯಿಯಿಂದ 52,500 ರೂಪಾಯಿಗೆ ಏರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಂದ್ಯದ ಸಂಭಾವನೆಯಲ್ಲಿ ಪುರುಷರು ಮತ್ತು ಮಹಿಳೆಯರು ಸಮಾನರೆಂದು ಘೋಷಿಸಲಾಯಿತು: ಟೆಸ್ಟ್ ಪಂದ್ಯಕ್ಕೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಇಪ್ಪತ್ತು ಓವರುಗಳ ಪಂದ್ಯಕ್ಕೆ 3 ಲಕ್ಷ ರೂಪಾಯಿ. ಈ ಸಂಭಾವನೆಯಲ್ಲಿ ಒಂದು ರೂಪಾಯಿಯೂ 1976ರ ಹುಡುಗಿಯರಿಗೆ ಸಿಕ್ಕಿರಲಿಲ್ಲ. ಆದರೆ ಅವರು ಅಂದು ಆಡದಿದ್ದರೆ ಇಂದು ಹಂಚಿಕೊಳ್ಳಲು ಏನೂ ಇರುತ್ತಿರಲಿಲ್ಲ.

ನಮ್ಮ ಸೀಮೆಗೆ ಬಂದ ದಾರಿ

ಬೆಂಗಳೂರಿನ ಮಾತು ಬೆಂಗಳೂರಿಗಾಯಿತು, ನಮ್ಮ ಭಾಗಕ್ಕೇನು ಎಂದು ಕೆಲವರು ಕೇಳಬಹುದು. ಆ ದಾರಿ ಈಗ ನಮ್ಮ ಸೀಮೆಗೂ ಬಂದಿದೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2014ರಲ್ಲಿ ಭಾರತ ತಂಡ ಸೇರಿದರು. ಅವರ ತಂದೆಯೂ ಬೇಗನೆ ತೀರಿಹೋದರು. ಮನೆಯ ಹೊಣೆ ಮಗಳ ಹೆಗಲಿಗೆ ಬಿತ್ತು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ಅವರು ಕೇವಲ 15 ಓಟಗಳನ್ನು ಕೊಟ್ಟು 5 ವಿಕೆಟ್ಟುಗಳನ್ನು ಕಿತ್ತರು. ಊರಿಗೆ ಮರಳಿದಾಗ ಸಚಿವರೊಬ್ಬರು ಕಾರನ್ನು ಉಡುಗೊರೆಯಾಗಿ ಕೊಡಲು ಮುಂದಾದರು. ರಾಜೇಶ್ವರಿ ಕಾರು ಬೇಡವೆಂದು, ಮನೆಯವರಿಗೆಲ್ಲ ನೆರಳಾಗುವಂತೆ ಒಂದು ಮನೆ ಬೇಕೆಂದು ಕೇಳಿದರು. ಆಟಕ್ಕೆ ಹೋದ ಹುಡುಗಿ ಮನೆಯನ್ನು ಮರೆಯುತ್ತಾಳೆ ಎನ್ನುವವರಿಗೆ ಇದೇ ಉತ್ತರ.

ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ 2002ರಲ್ಲಿ ಹುಟ್ಟಿದವರು. 2024ರ ಮಾರ್ಚಿನಲ್ಲಿ ದೆಹಲಿಯಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯದಲ್ಲಿ 12 ಓಟಗಳಿಗೆ 4 ವಿಕೆಟ್ಟು ಪಡೆದು ಬೆಂಗಳೂರು ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು. ಆ ವರ್ಷದ ಲೀಗಿನಲ್ಲಿ ಅತಿ ಹೆಚ್ಚು, ಅಂದರೆ 13 ವಿಕೆಟ್ಟುಗಳನ್ನು ಪಡೆದವರೂ ಅವರೇ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ನಾಯಕತ್ವದ ತಂಡವು ದಕ್ಷಿಣ ಆಫ್ರಿಕಾವನ್ನು 52 ಓಟಗಳಿಂದ ಸೋಲಿಸಿ, ಭಾರತಕ್ಕೆ ಮಹಿಳೆಯರ ಮೊದಲ ಏಕದಿನ ವಿಶ್ವಕಪ್ಪನ್ನು ತಂದಿತು. ಅದಕ್ಕೆ ಮೊದಲು 2005ರಲ್ಲಿ ಮತ್ತು 2017ರಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ ಸೋತು ಬಂದ ತಂಡಗಳಿದ್ದವು. ಅವಕ್ಕೂ ಹಿಂದೆ ಬ್ಯಾಟು ಹಂಚಿಕೊಂಡು ಆಡಿದ ತಂಡಗಳಿದ್ದವು. ಮಾವಿನ ಹಣ್ಣು ತಿನ್ನುವವರು ಸಸಿ ನೆಟ್ಟವರನ್ನು ನೆನೆಯುವುದು ನಮ್ಮ ಹಿರಿಯರು ಕಲಿಸಿದ ನಡತೆ.

ನಮ್ಮ ಮನೆಗಳು ಮಾಡಬೇಕಾದುದು

ಕೊನೆಯದಾಗಿ ನಮ್ಮ ಜಿಲ್ಲೆಯ ಮಾತು. ದೇವದುರ್ಗದ ಕಡೆಯಿಂದ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುವಾಗ ಜೊತೆಗೆ ಹೋಗುವ ಹುಡುಗಿ ಶಾಲೆಯನ್ನೂ ಶಾಲೆಯ ಬಯಲನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾಳೆ. ಮಾನ್ವಿಯ ಕಾಲುವೆ ನೀರಿನ ಹೊಲಗಳಲ್ಲಿ ನಾಟಿಯ ಕಾಲಕ್ಕೆ ಎಷ್ಟು ಎಳೆಯ ಕೈಗಳು ಕೆಸರಿನಲ್ಲಿ ಇರುತ್ತವೆಂಬುದು ಎಲ್ಲರಿಗೂ ತಿಳಿದದ್ದೇ. ಅನುಕೂಲವಿರುವ ಮನೆಗಳಲ್ಲಿಯೂ ಮಗಳು ಮೈನೆರೆದ ದಿನವೇ ಆಟದ ಬಟ್ಟೆ ಪೆಟ್ಟಿಗೆ ಸೇರುತ್ತದೆ. ಬಡತನದ ಕಾರಣವನ್ನು ಸಮಾಜ ಮತ್ತು ಸರ್ಕಾರ ಕೂಡಿ ನಿವಾರಿಸಬೇಕು. ರೂಢಿಯ ಕಾರಣವನ್ನು ಮಾತ್ರ ನಾವು ನಾವೇ ನಿವಾರಿಸಬಹುದು. ಅದಕ್ಕೆ ಹಣ ಬೇಕಿಲ್ಲ.

ಮಾಡಬೇಕಾದುದು ದೊಡ್ಡದೇನಲ್ಲ. ಸಂಜೆ ಒಂದು ಗಂಟೆ ಮಗಳನ್ನು ಬಯಲಿಗೆ ಬಿಡಿ. ಒಬ್ಬಳೇ ಹೋಗಲು ಅಂಜಿಕೆಯಾದರೆ ಓಣಿಯ ನಾಲ್ಕು ಹುಡುಗಿಯರನ್ನು ಕೂಡಿಸಿ ಕಳಿಸಿ; ತಾಯಂದಿರಲ್ಲಿ ಒಬ್ಬರು ಸರದಿಯಂತೆ ಬಯಲಿನ ಅಂಚಿನಲ್ಲಿ ಕುಳಿತಿರಲಿ. ಆಡಿ ಬಂದ ಮಗನಿಗೆ ಕೊಡುವ ಹಾಲು, ರೊಟ್ಟಿ, ಕಾಳಿನ ಪಲ್ಯವನ್ನೇ ಮಗಳಿಗೂ ಬಡಿಸಿ. ಬಲೆ ಕಟ್ಟಿದ ಅಂಗಳದಲ್ಲಿ ವಾರಕ್ಕೆ ಎರಡು ಸಂಜೆಯಾದರೂ ಹುಡುಗಿಯರದೇ ಆಟ ನಡೆಯಲೆಂದು ಶಾಲೆಯ ಗುರುಗಳಿಗೂ ಕಾಲೊನಿಯ ಹಿರಿಯರಿಗೂ ಹೇಳಿ. ಆಟ ಯಾವುದಾದರೂ ಸರಿ: ಕಬಡ್ಡಿ, ಖೋ ಖೋ, ವಾಲಿಬಾಲ್, ಕ್ರಿಕೆಟ್. ರೈಲ್ವೆಯಂಥ ಇಲಾಖೆಗಳು ಕ್ರೀಡಾಪಟುಗಳಿಗೆ ಉದ್ಯೋಗ ನೀಡುತ್ತವೆ ಎಂಬುದನ್ನು ಮಗಳೂ ತಿಳಿದಿರಲಿ, ನೀವೂ ತಿಳಿದಿರಿ. ಎಲ್ಲರೂ ದೇಶಕ್ಕೆ ಆಡುವರೆಂದು ನಾವು ಹೇಳುತ್ತಿಲ್ಲ. ನೂರು ಜನ ಆಡಿದರೆ ಒಬ್ಬಳು ಆಡಬಹುದು. ಉಳಿದ ತೊಂಬತ್ತೊಂಬತ್ತು ಜನರಿಗೆ ಗಟ್ಟಿಯಾದ ಮೈ, ಅಂಜದ ಮನಸ್ಸು, ಜೊತೆಯವರೊಡನೆ ಹೊಂದಿ ನಡೆಯುವ ಗುಣ ಉಳಿಯುತ್ತವೆ. ಗಂಡನ ಮನೆಗೆ ಹೋಗುವಾಗ ಮಗಳ ಜೊತೆ ಕಳಿಸುವ ಯಾವ ಬಂಗಾರವೂ ಇದಕ್ಕೆ ಸಾಟಿಯಲ್ಲ.

ಫಲ ಸಿಗುವುದೆಂದು ಖಾತ್ರಿಯಾದ ಮೇಲೆ ಮಗಳನ್ನು ಕಳುಹಿಸೋಣ ಎಂದು ಕಾಯುವವರು ಶಾಂತಾ ರಂಗಸ್ವಾಮಿ ಅವರ ಬಾಳನ್ನು ಇನ್ನೊಮ್ಮೆ ಓದಬೇಕು. ಅವರಿಗೆ ಯಾವ ಖಾತ್ರಿಯೂ ಇರಲಿಲ್ಲ. ಸಂಬಳವಿರಲಿಲ್ಲ, ವರ್ಷಗಟ್ಟಲೆ ಪಂದ್ಯವಿರಲಿಲ್ಲ, ಮನ್ನಣೆ ನಾಲ್ವತ್ತು ವರ್ಷ ತಡವಾಗಿ ಬಂದಿತು. ಆದರೂ ಅವರು ಆಡಿದರು. ಆಡಿದುದರಿಂದಲೇ ದಾರಿ ಆಯಿತು. ಆ ದಾರಿ ಬೆಂಗಳೂರಿನಿಂದ ಹೊರಟು ವಿಜಯಪುರವನ್ನು ಮುಟ್ಟಿದೆ, ಕಲಬುರಗಿಯನ್ನು ಮುಟ್ಟಿದೆ. ಅದು ಕೃಷ್ಣೆಯ ದಂಡೆಯ ನಮ್ಮ ಓಣಿಗಳನ್ನು ಮುಟ್ಟುವುದೋ ಇಲ್ಲವೋ ಎಂಬುದು, ಇಂದು ಸಂಜೆ ಮಗಳು ‘ಅವ್ವಾ, ಆಡಾಕ ಹೋಗ್ಲಿ?’ ಎಂದು ಕೇಳಿದಾಗ ನಾವು ಏನು ಹೇಳುತ್ತೇವೆ ಎಂಬುದರ ಮೇಲೆ ನಿಂತಿದೆ.